ಕೋಚ್ ಬದಲಾಗ್ಬೇಕು ಅಂದವನು ನಾನೇ

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ರಿಲೀಸು, ಡೆಡ್‌ಲೈನು ಅಂತ ನೆಪ ಹೇಳ್ಬೋದು, ಆದ್ರೆ ನಿಜ ಹೇಳ್ಬೇಕಂದ್ರೆ ಬರೀ ಸೋಮಾರಿತನ. ಈ ವಿಷಯ ಮಾತ್ರ ಸುಮಾರು ದಿನದಿಂದ ತಲೇಲಿ ಕೊರೀತಾ ಇತ್ತು. ಕಬಡ್ಡಿ ಬಗ್ಗೆ. ಕಬಡ್ಡಿ ಅಂದ ಕೂಡ್ಲೆ ಎದ್ದು ಹೋಗ್ಬೇಡಿ, ಸ್ವಲ್ಪ ತಡ್ಕೊಳ್ಳಿ. ಕಬಡ್ಡಿ ಅಲ್ಲದ ವಿಷಯಾನೂ ಮಧ್ಯದಲ್ಲಿ ಬರುತ್ತೆ :-)

ನಾನು ಇರೋದು ಆರ್.ಟಿ. ನಗರದಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ, ನೀರು ದಿನ ಬಿಟ್ಟು ದಿನ. ರೂಮ್‌ಮೇಟ್ ಮಂಜ, ಮದ್ದೂರಿನವನು. ನಾನು ಗೌರಿಬಿದನೂರು ಕಡೆ ಹಳ್ಳಿಯವನು. ಶನಿವಾರ ಸಂಜೆ ಆದ್ರೆ ಮತ್ತೀಕೆರೆಯಿಂದ ವಿನಯ ಬೈಕ್ ಹಾಕ್ಕೊಂಡು ಬರ್ತಾನೆ. ಮೂವರೂ ಸೇರಿ ನಮ್ಮ ಬೀದಿ ಕೊನೇಲಿರೋ ಬೇಕರಿಗೆ ಹೋಗೋದು, ಟೀ, ಎಗ್ ಪಫ್ಸು, ಒಂದು ಗಂಟೆ ಹರಟೆ. ಬೇಕರಿ ಶೆಟ್ರು ಕಾರ್ಕಳ ಕಡೆಯವರು. ವಯಸ್ಸು ಐವತ್ತರ ಮೇಲೆ. ಹರೆಯದಲ್ಲಿ ಊರ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಆಡ್ಕೊಂಡು ತಿರುಗಿದವರು. ಎಡಗೈ ಕಿರುಬೆರಳು ಇವತ್ತಿಗೂ ನೆಟ್ಟಗಿಲ್ಲ. ಕೇಳಿದ್ರೆ "ಅದು ಪುತ್ತೂರಿನಲ್ಲಿ ಬಿಟ್ಟು ಬಂದದ್ದು ಮಾರಾಯ" ಅಂತಾರೆ.

ನಾನೂ ಕಾಲೇಜಲ್ಲಿ ಆಡ್ತಿದ್ದೆ. ಲೆಫ್ಟ್ ಕಾರ್ನರ್. ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ನೆಟ್ಟಗೆ ಕಲಿತದ್ದು ಅದೊಂದೇ ಅಂತ ನಮ್ಮಪ್ಪ ಹೇಳ್ತಿರ್ತಾರೆ. ಹಂಗಾಗಿ ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗಿಂದ ನಾನು ಬೆಂಗಳೂರು ಬುಲ್ಸ್ ಕಡೆ. ಫುಲ್ ಚಾರ್ಜ್ ಮಗಾ!

ಈಗ ಕಥೆಗೆ ಬರೋಣ. 2024ರ ಅಕ್ಟೋಬರ್ 18, ಶುಕ್ರವಾರ. 11ನೇ ಸೀಸನ್ನಿನ ಮೊದಲನೇ ಪಂದ್ಯ, ಹೈದರಾಬಾದಿನಲ್ಲಿ, ತೆಲುಗು ಟೈಟನ್ಸ್ ಮೇಲೆ ನಮ್ಮ ಬುಲ್ಸು. ಆಫೀಸಿಂದ ಬೇಗ ಬಂದು, ಅನ್ನ ಸಾರು ಮಾಡಿ ಇಟ್ಕೊಂಡು ಕೂತಿದ್ವಿ. ನಮ್ಮ ಕಡೆ ಪರ್ದೀಪ್ ನರ್ವಾಲ್. ಇಡೀ ಲೀಗಿನಲ್ಲಿ ಅತಿ ಹೆಚ್ಚು ರೈಡ್ ಪಾಯಿಂಟ್ ತೆಗೆದವನು ವಾಪಸ್ ಬಂದಿದ್ದಾನೆ ಅಂತ ನಮಗೆಲ್ಲ ಖುಷಿ. ಆ ಕಡೆ ಪವನ್ ಸೆಹ್ರಾವತ್. ನಮ್ಮ ಪವನ್! 2019ರ ಜನವರಿ 5ರಂದು ಗುಜರಾತ್ ಮೇಲೆ 38-33ರಲ್ಲಿ ಕಪ್ ಗೆದ್ದಾಗ ಒಬ್ಬನೇ 22 ಪಾಯಿಂಟ್ ತೆಗೆದಿದ್ದನಲ್ಲ, ಅವನೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರ್ಯಾಣ ಮೇಲೆ ಒಂದೇ ಪಂದ್ಯದಲ್ಲಿ 39 ರೈಡ್ ಪಾಯಿಂಟ್ ತೆಗೆದವನು. ಆ ರಾತ್ರಿ ಅವನು ನಮ್ಮ ಮೇಲೇ ಆಡಿ ಗೆದ್ದ. 37-29. ಮಂಜ ಟೀವಿ ಆಫ್ ಮಾಡಿ "ನಮ್ ಹಸು ಕೊಟ್ಟು ನಾವೇ ಹಾಲು ಕೊಂಡ್ಕೊಂಡಂಗಾಯ್ತು ಕನ್ಲಾ" ಅಂದ.

ಅಲ್ಲಿಂದ ಶುರುವಾಗಿದ್ದು ನಿಲ್ಲಲೇ ಇಲ್ಲ. ಸೀಸನ್ ಮುಗಿದಾಗ 22 ಪಂದ್ಯದಲ್ಲಿ ಗೆದ್ದಿದ್ದು 2, ಸೋತಿದ್ದು 19, ಒಂದು ಟೈ. ಹನ್ನೆರಡು ತಂಡದಲ್ಲಿ ಹನ್ನೆರಡನೇ ಸ್ಥಾನ. ನಮ್ಮ ಆಫೀಸಲ್ಲಿ ಕಬಡ್ಡಿ ಅಂದ್ರೆ ಏನು ಅಂತ ಗೊತ್ತಿಲ್ಲದವರೂ ಬಂದು "ಯಾಕೆ ನಿಮ್ ಟೀಮು ಹಿಂಗೆ?" ಅಂತ ಕೇಳಿ ಹೋದ್ರು. ಅದಕ್ಕಿಂತ ಅವಮಾನ ಬೇರೆ ಬೇಕಾ?

2025ರ ಜನವರಿ ಬಂತು. ಒಂದು ಶನಿವಾರ ಬೇಕರಿ ಮುಂದೆ ಅದೇ ಮಾತು. ಮುಂದಿನ ಸೀಸನ್‌ಗೆ ಬುಲ್ಸ್‌ಗೆ ಯಾರು ಕೋಚ್ ಆಗ್ಬೇಕು?

ಗೊತ್ತಿಲ್ಲದವರಿಗೆ ಒಂದು ಮಾತು ಹೇಳ್ಬಿಡ್ತೀನಿ. ಬುಲ್ಸ್‌ಗೆ ಮೊದಲನೇ ಸೀಸನ್ನಿಂದ 11ನೇ ಸೀಸನ್ ತನಕ ಕೋಚ್ ಅಂದ್ರೆ ರಣಧೀರ್ ಸಿಂಗ್ ಸೆಹ್ರಾವತ್. ಬೇರೆ ತಂಡಗಳು ವರ್ಷ ವರ್ಷ ಕೋಚ್ ಬದಲಾಯಿಸ್ತಾ ಇದ್ದಾಗ ಇಲ್ಲಿ ಮಾತ್ರ ಒಬ್ಬರೇ. ಮತ್ತೆ ಕಬಡ್ಡಿ ಕೋಚ್ ಅಂದ್ರೆ ಬರೀ ಗೆರೆ ಪಕ್ಕ ನಿಂತು ಕಿರಚೋದಲ್ಲ. ಹರಾಜಿನಲ್ಲಿ ಯಾರು ಬೇಕು ಅಂತ ಹೇಳೋದು, ಎರಡು ಕಾರ್ನರ್‌ಗೂ ಎರಡು ಕವರ್‌ಗೂ ಯಾರ ಜೊತೆ ಯಾರು ಹೊಂದ್ತಾರೆ ಅಂತ ನೋಡೋದು, ಎರಡು ರೈಡ್ ಖಾಲಿ ಹೋದ ಮೇಲೆ ಡೂ ಆರ್ ಡೈಗೆ ಯಾರನ್ನ ಕಳಿಸ್ಬೇಕು, ಅಂಗಣದಲ್ಲಿ ಮೂರೇ ಜನ ಉಳಿದಾಗ ಸೂಪರ್ ಟ್ಯಾಕಲ್‌ಗೆ ಕಾಯ್ಬೇಕಾ ಅಥವಾ ಆಲ್ ಔಟ್ ಬಿಟ್ಟುಕೊಟ್ಟು ಏಳೂ ಜನ ವಾಪಸ್ ಬರೋ ಹಾಗೆ ಮಾಡ್ಬೇಕಾ.. ಇದೆಲ್ಲ ಅವರ ತಲೆ. ಒಂದೊಂದು ರೈಡು 30 ಸೆಕೆಂಡು. ಯೋಚನೆ ಮಾಡೋಕೆ ಟೈಮೇ ಇರಲ್ಲ. ಅದಕ್ಕೇ ಮೊದಲೇ ಯೋಚನೆ ಮಾಡಿಟ್ಟಿರೋರು ಬೇಕು.

ನಾನು ಸಾಫ್ಟ್‌ವೇರ್ ಇಂಜಿನಿಯರ್ ನೋಡಿ, ಬರಿಗೈಲಿ ಜಗಳಕ್ಕೆ ಹೋಗಲ್ಲ. ಮೊಬೈಲಲ್ಲಿ ಎಕ್ಸೆಲ್ ಶೀಟ್ ರೆಡಿ ಮಾಡ್ಕೊಂಡು ಹೋಗಿದ್ದೆ. ಹನ್ನೊಂದು ಸೀಸನ್ನು. ಒಂದು ಕಪ್ಪು. 2015ರಲ್ಲಿ ಯು ಮುಂಬಾ ಮೇಲೆ ಫೈನಲ್‌ನಲ್ಲಿ 36-30ರಿಂದ ಸೋತಿದ್ದು. ಏಳು, ಎಂಟು, ಒಂಬತ್ತನೇ ಸೀಸನ್ನಿನಲ್ಲಿ ಸೆಮಿಫೈನಲ್ ತನಕ ಹೋಗಿ ಮೂರೂ ಸಲ ಔಟು. ಹತ್ತರಲ್ಲಿ ಪ್ಲೇ ಆಫೂ ಇಲ್ಲ. ಹನ್ನೊಂದರಲ್ಲಿ ಪಾತಾಳ. "ನೋಡಿ, ಗ್ರಾಫ್ ಹಾಕಿದ್ರೆ ಕೆಳಗೆ ಹೋಗ್ತಾ ಇದೆ. ಮನುಷ್ಯ ಒಳ್ಳೆಯವರೇ, ಆದ್ರೆ ಕ್ರಮ ಹಳೇದು. ತಂಡಕ್ಕೆ ಬದಲಾವಣೆ ಬೇಕು" ಅಂದೆ.

ಈ ಮೂರು ವಾಕ್ಯ ನೆನಪಿಟ್ಕೊಳ್ಳಿ. ಮತ್ತೆ ಬರುತ್ತೆ.

ಮಂಜನ ವಾದ ಬೇರೆ. "ಬದಲಾವಣೆ ಅಲ್ಲ ಕನ್ಲಾ, ನಮ್ಮೋರು ಬೇಕು. ಕನ್ನಡದೋರು ಕೋಚ್ ಆಗ್ಲಿ. ಬಿ.ಸಿ. ರಮೇಶ್ ಅವ್ರಲ್ವಾ? ಅರ್ಜುನ ಪ್ರಶಸ್ತಿ ತಗೊಂಡೋರು. ನಮ್ಮೂರಲ್ಲೇ ಇಂಥೋರನ್ನ ಇಟ್ಕೊಂಡು ಪುಣೆಯೋರಿಗೆ ಕಪ್ ಗೆದ್ದುಕೊಡೋಕೆ ಬಿಟ್ಟವ್ರಲ್ಲ!"

ಅವನು ಹೇಳಿದ್ದರಲ್ಲಿ ವಿಷಯ ಇತ್ತು. 2019ರಲ್ಲಿ ಬುಲ್ಸ್ ಕಪ್ ಗೆದ್ದಾಗ ಕೋಚಿಂಗ್ ಬಳಗದಲ್ಲಿ ರಮೇಶ್ ಕೂಡ ಇದ್ದರು. ಅದಾದ ಮೇಲೆ ಏಳನೇ ಸೀಸನ್ನಿಗೆ ಬೆಂಗಾಲ್ ವಾರಿಯರ್ಸ್‌ಗೆ ಹೋದ್ರು, ಅವರು ಗೆದ್ರು. ಪುಣೇರಿ ಪಲ್ಟನ್‌ಗೆ ಹೋದ್ರು, ಒಂಬತ್ತನೇ ಸೀಸನ್ನಿನಲ್ಲಿ ಫೈನಲ್ಲು, ಹತ್ತರಲ್ಲಿ, ಅಂದ್ರೆ 2024ರ ಮಾರ್ಚ್ 1ರಂದು, ಹರ್ಯಾಣ ಮೇಲೆ 28-25ರಲ್ಲಿ ಕಪ್ಪು. ಅಂಥವರು ಬೆಂಗಳೂರು ತಂಡಕ್ಕೆ ಯಾಕಿಲ್ಲ ಅನ್ನೋದು ನ್ಯಾಯವಾದ ಪ್ರಶ್ನೆ.

ವಿನಯ ಸುಮ್ನೆ ಇರೋ ಜಾತಿ ಅಲ್ಲ. ಅವನು ಬೆಂಗಳೂರು ಎಫ್‌ಸಿ ಹುಚ್ಚ, ಕಂಠೀರವದಲ್ಲಿ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರ್ಕೊಳ್ಳೋನು. "ಕನ್ನಡದವ್ರು ಕೋಚ್ ಆದ್ರೆ ಗೆಲ್ತೀವಿ ಅಂದ್ರೆ 2008ರಲ್ಲಿ ಆರ್‌ಸಿಬಿಗೆ ವೆಂಕಟೇಶ್ ಪ್ರಸಾದ್ ಇದ್ರಲ್ಲ ಮಗಾ, ಎಂಟರಲ್ಲಿ ಏಳನೇ ಸ್ಥಾನ. ಮಾರನೇ ವರ್ಷ ದಕ್ಷಿಣ ಆಫ್ರಿಕಾದ ರೇ ಜೆನ್ನಿಂಗ್ಸ್ ಬಂದ್ರು, ಫೈನಲ್ಲು. ಊರು ಕೇರಿ ನೋಡಿ ಕೋಚ್ ಇಡೋಕಾಗಲ್ಲ" ಅಂದ. ಮಂಜ "ಅದು ಕ್ರಿಕೆಟ್ಟು, ಇದು ಮಣ್ಣಿನ್ ಆಟ" ಅಂದ. "ಈಗ ಮ್ಯಾಟ್ ಮೇಲೆ ಆಡೋದು" ಅಂತ ವಿನಯ. ಪಫ್ಸ್ ತಣ್ಣಗಾಯ್ತು.

ಆಮೇಲೆ ವಿನಯ ನನ್ನ ಕಡೆ ತಿರುಗಿದ. "ನಿಂದೂ ಸರಿ ಇಲ್ಲ. ಕೋಚ್ ತೆಗೆದ್ರೆ ಸರಿ ಹೋಗುತ್ತೆ ಅಂತೀಯಲ್ಲ, ನಮ್ ಎಫ್‌ಸಿ ನೋಡು. ಕಾರ್ಲೆಸ್ ಕ್ವಾದ್ರಾತ್ 2019ರಲ್ಲಿ ಐಎಸ್‌ಎಲ್ ಗೆದ್ದುಕೊಟ್ರು. 2021ರ ಜನವರಿಯಲ್ಲಿ ಸತತ ಮೂರು ಪಂದ್ಯ ಸೋತಿದ್ದಕ್ಕೆ ಹೋದ್ರು. ಆಮೇಲೆ ಪೆಟ್ಸಾಯುಲಿ ಬಂದ್ರು, ಹೋದ್ರು. ಗ್ರೇಸನ್ ಬಂದ್ರು, 2022ರಲ್ಲಿ ಡ್ಯುರಾಂಡ್ ಕಪ್ ಗೆದ್ರು, 2023ರಲ್ಲಿ ಫೈನಲ್‌ಗೆ ಕರ್ಕೊಂಡ್ ಹೋದ್ರು, ಅದೇ ಡಿಸೆಂಬರ್‌ನಲ್ಲಿ ಅವ್ರೂ ಮನೆಗೆ. ಐಎಸ್‌ಎಲ್ ಕಪ್ ಮತ್ತೆ ಬಂತಾ? ಇಲ್ಲ."

ಶೆಟ್ರು ಇಷ್ಟೊತ್ತೂ ಗಿರಾಕಿಗಳಿಗೆ ಬ್ರೆಡ್ ಕಟ್ಟಿ ಕೊಡ್ತಾ ಕೇಳಿಸ್ಕೊಳ್ತಾ ಇದ್ರು. ಕೈ ಒರೆಸ್ಕೊಂಡು ಆಚೆ ಬಂದ್ರು.

"ನೀವೆಲ್ಲ ಮಾತಾಡುವುದು ಸರಿ ಉಂಟು. ನಾನು ಒಂದು ಕೇಳ್ತೇನೆ. ಪವನ್‌ನನ್ನು ಎತ್ತಿದ್ದು ಯಾರು? ಮೂರನೇ ಸೀಸನ್ನಿನಲ್ಲಿ ಆ ಹುಡುಗನ ಹೆಸರು ಯಾರಿಗೆ ಗೊತ್ತಿತ್ತು? ಭರತ್ ಹೂಡಾನನ್ನು ಎತ್ತಿದ್ದು ಯಾರು? ಹುಡುಗ ತಯಾರಾಗುವವರೆಗೆ ಇಲ್ಲಿ ಇರ್ತಾನೆ. ತಯಾರಾದ ಮೇಲೆ ಹರಾಜಿನಲ್ಲಿ ಒಂದು ತಂಡ 2 ಕೋಟಿ 26 ಲಕ್ಷ ಕೊಡ್ತದೆ, ಇನ್ನೊಂದು 2 ಕೋಟಿ 60 ಲಕ್ಷ ಕೊಡ್ತದೆ, ಹೋಗ್ತಾನೆ. ಭರತ್‌ಗೆ ಯುಪಿಯವರು 1 ಕೋಟಿ 30 ಲಕ್ಷ ಕೊಟ್ಟರು, ಅವನೂ ಹೋದ. ಹುಡುಗರನ್ನು ಕಳೆದುಕೊಂಡದ್ದು ಒಂದು ಲೆಕ್ಕ, ಪಂದ್ಯ ಕಳೆದುಕೊಂಡದ್ದು ಒಂದು ಲೆಕ್ಕ. ನೀನು ಎರಡನೇ ಲೆಕ್ಕ ಮಾತ್ರ ಮೊಬೈಲಿನಲ್ಲಿ ಬರೆದಿದ್ದೀ."

ಆಮೇಲೆ ಇನ್ನೊಂದು ಹೇಳಿದ್ರು. 2017ರಲ್ಲಿ ಕಂಠೀರವ ಸಿಗದೆ ಬುಲ್ಸ್‌ನವರು ತವರಿನ ಪಂದ್ಯಗಳನ್ನ ನಾಗಪುರದಲ್ಲಿ ಆಡಿದ್ರು. 2018ರಲ್ಲಿ ಪುಣೆಯಲ್ಲಿ. ಅಂದ್ರೆ ಕಪ್ ಗೆದ್ದ ಸೀಸನ್ನಿನಲ್ಲಿ ಬೆಂಗಳೂರು ತಂಡಕ್ಕೆ ಬೆಂಗಳೂರೇ ಇರಲಿಲ್ಲ! ನನಗೆ ಗೊತ್ತಿದ್ದ ವಿಷಯಾನೇ, ಆದ್ರೆ ಹಂಗೆ ಯೋಚನೆ ಮಾಡಿರ್ಲಿಲ್ಲ. "ಊರಿಲ್ಲದ ತಂಡಕ್ಕೆ ಕಪ್ ಗೆದ್ದು ಕೊಟ್ಟವನನ್ನು ತೆಗೆಯುವುದಾದರೆ ತೆಗೆಯಿರಿ. ಹನ್ನೊಂದು ವರ್ಷ ಆಯ್ತು, ಅವನಿಗೂ ಸುಸ್ತಾಗಿರಬಹುದು. ಆದರೆ ಇಡೀ ಲೆಕ್ಕ ಹೇಳಿ ತೆಗೆಯಬೇಕು. ಮತ್ತೆ ಈ ಕನ್ನಡದ ವಿಷಯ.. ರಮೇಶ್ ಬಂದರೆ ನನಗೂ ಸಂತೋಷವೇ. ಆದರೆ ಟೈಮ್ ಔಟಿನಲ್ಲಿ ಅವರೂ ಹಿಂದಿಯೇ ಮಾತಾಡಬೇಕು ಮಾರಾಯ. ಹೆಚ್ಚಿನ ಹುಡುಗರು ಹರ್ಯಾಣದ ಕಡೆಯವರಲ್ವಾ!" ಅಂತ ನಕ್ಕರು.

ಮಂಜ ಸೋಲೊಪ್ಪಲಿಲ್ಲ. "ಹಂಗಾದ್ರೆ ನಮ್ ಹುಡುಗ್ರು ಯಾಕಿಲ್ಲ? ಸುಕೇಶ್ ಹೆಗ್ಡೆ ಗುಜರಾತ್‌ಗೆ ಕ್ಯಾಪ್ಟನ್ ಆಗಿದ್ರು, ಪ್ರಶಾಂತ್ ರೈ ಪಟ್ನಾಕ್ಕೆ ಕ್ಯಾಪ್ಟನ್ ಆಗಿದ್ರು. ನಮ್ಮೋರು ಕೋಚ್ ಆದ್ರೆ ಹಳ್ಳಿ ಹುಡುಗ್ರು ಕಣ್ಣಿಗೆ ಬೀಳ್ತಾರೆ, ಅದುಕ್ಕೇ ಕೇಳ್ತಿರೋದು" ಅಂದ. ಶೆಟ್ರು ಅದಕ್ಕೆ ಏನೂ ಹೇಳ್ಲಿಲ್ಲ, ತಲೆ ಆಡಿಸಿದ್ರು. ನನಗೂ ಅದು ಸರಿ ಅನ್ನಿಸ್ತು. ಕನ್ನಡದ ಕೋಚ್ ಬೇಕು ಅನ್ನೋದಕ್ಕೆ ಆ ಸಂಜೆ ನಾನು ಕೇಳಿದ ಒಳ್ಳೇ ಕಾರಣ ಅದೇ.

ಶನಿವಾರ ಹಿಂಗೆ ಮುಗೀತು. ಟೀ ಲೆಕ್ಕ ನಾನೇ ಕೊಟ್ಟೆ.

ಈಗ ಕಬಡ್ಡಿ ಅಲ್ಲದ ವಿಷಯ.

ಅದಾಗಿ ಮೂರು ದಿನಕ್ಕೆ, ಮಂಗಳವಾರ, ಆಫೀಸಲ್ಲಿ ನಮ್ಮ ಮ್ಯಾನೇಜರ್ ನನ್ನ ಒಬ್ಬನನ್ನೇ ಕರೆದ್ರು. ಹೆಬ್ಬಾಳದ ಹತ್ತಿರ ಇರೋ ಯಾವುದೋ ಒಂದು ಟೆಕ್ ಪಾರ್ಕು, ಯಾವುದೋ ಒಂದು ಕಂಪನಿ ಅಂದ್ಕೊಳ್ಳಿ. ಗಾಜಿನ ರೂಮು, ಆಚೆ ಮೇಲ್ಸೇತುವೆ ಮೇಲೆ ಗಾಡಿಗಳು ಇರುವೆ ಥರ ನಿಂತಿವೆ. ಹಿಂದಿನ ಎರಡು ಕ್ವಾರ್ಟರ್ ನಮ್ಮ ಟೀಮಿನ ರಿಲೀಸು ತಡ ಆಗಿತ್ತು. ಒಂದು ದೊಡ್ಡ ಬಗ್ ಗ್ರಾಹಕರ ತನಕ ಹೋಗಿತ್ತು. "ನಿಮ್ಮ ಲೀಡ್ ಬಗ್ಗೆ ನಿನ್ನ ಅಭಿಪ್ರಾಯ ಏನು? ಓಪನ್ ಆಗಿ ಹೇಳು, ಇಲ್ಲೇ ಇರುತ್ತೆ" ಅಂದ್ರು.

ನಮ್ಮ ಲೀಡನ್ನ ಇಲ್ಲಿ ಸಾರ್ ಅಂತಲೇ ಕರೀತೀನಿ. ಆಫೀಸಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೀತಾರೆ, ನನಗೆ ಅವರೊಬ್ಬರನ್ನ ಕರೆಯೋಕೆ ಬಾಯಿ ಬರ್ಲಿಲ್ಲ. ನಲವತ್ತೇಳು ವಯಸ್ಸು. ಯಲಹಂಕ ನ್ಯೂ ಟೌನಿನಲ್ಲಿ ಮನೆ. ನಾನು ಕೆಲಸಕ್ಕೆ ಸೇರಿದ ಮೊದಲನೇ ವರ್ಷ ಒಂದು ರಾತ್ರಿ ತಪ್ಪು ಸ್ಕ್ರಿಪ್ಟ್ ಓಡಿಸಿ ಒಂದು ಟೇಬಲ್ ಪೂರ್ತಿ ಅಳಿಸಿ ಹಾಕಿದ್ದೆ. ಕೈಕಾಲು ನಡುಗ್ತಾ ಅವರಿಗೆ ಫೋನ್ ಮಾಡಿದೆ. ಬೈಯ್ಯಲಿಲ್ಲ. ಸ್ಕೂಟರ್ ಹಾಕ್ಕೊಂಡು ಬಂದ್ರು, ಬೆಳಗಿನ ಜಾವ ನಾಲ್ಕರ ತನಕ ಪಕ್ಕದಲ್ಲಿ ಕೂತು ಬ್ಯಾಕಪ್ಪಿಂದ ವಾಪಸ್ ತಂದ್ರು. ಬೆಳಗ್ಗೆ ಎಲ್ಲರಿಗೂ ಹೋದ ಮೇಲ್‌ನಲ್ಲಿ "ನಮ್ಮ ತಂಡದಿಂದ ಆದ ತಪ್ಪು" ಅಂತ ಇತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ.

ಅಂಥವರ ಬಗ್ಗೆ ಆ ಗಾಜಿನ ರೂಮಲ್ಲಿ ನಾನು ಹೇಳಿದ್ದು ಏನು ಗೊತ್ತಾ?

"ಮನುಷ್ಯ ಒಳ್ಳೆಯವರೇ. ಆದ್ರೆ ಕ್ರಮ ಹಳೇದು. ಟೀಮಿಗೆ ಬದಲಾವಣೆ ಬೇಕು ಅನ್ಸುತ್ತೆ."

ಬೇಕರಿ ಮುಂದೆ ಹೇಳಿದ ಅದೇ ಮೂರು ವಾಕ್ಯ. ಬಾಯಲ್ಲಿ ತಯಾರಾಗೇ ಇತ್ತು, ಇಂಗ್ಲಿಷಿಗೆ ತಿರುಗಿಸಿದ್ದಷ್ಟೇ. ಸುಳ್ಳೇನೂ ಅಲ್ಲ. ಅವರ ಕ್ರಮ ನಿಜವಾಗ್ಲೂ ಹಳೇದಾಗಿತ್ತು. ಎಲ್ಲ ಕೋಡೂ ತಾವೇ ಒಂದು ಸಲ ಓದ್ಬೇಕು ಅನ್ನೋರು, ಅದರಿಂದ ಕೆಲಸ ನಿಲ್ತಾ ಇತ್ತು. ಹೊಸ ಟೂಲ್ಸ್ ಅಂದ್ರೆ ಅನುಮಾನ. ಅದನ್ನೆಲ್ಲ ಹೇಳಿದೆ.

ಹೇಳದೇ ಇದ್ದಿದ್ದು ಒಂದಿತ್ತು. ಆ ವರ್ಷ ನಮ್ಮ ಟೀಮಿಂದ ಇಬ್ಬರು ಒಳ್ಳೇ ಹುಡುಗರು ಬೇರೆ ಕಂಪನಿಗೆ ಹೋಗಿದ್ರು. ಇಬ್ಬರನ್ನೂ ಕಾಲೇಜಿಂದ ಬಂದಾಗಿನಿಂದ ತಯಾರು ಮಾಡಿದ್ದು ಸಾರೇ. ಸಂಬಳ ಸ್ವಲ್ಪ ಜಾಸ್ತಿ ಮಾಡಿ ಉಳಿಸ್ಕೊಳ್ಳಿ ಅಂತ ಅವರು ಮೇಲೆ ಬರೆದಿದ್ರು, ಆಗಲಿಲ್ಲ. ಅವರ ಜಾಗಕ್ಕೆ ಜನಾನೂ ಕೊಡಲಿಲ್ಲ. ಎಂಟು ಜನದ ಕೆಲಸ ಆರು ಜನ ಮಾಡ್ತಿದ್ವಿ. ರಿಲೀಸು ತಡ ಆಗದೆ ಇನ್ನೇನಾಗುತ್ತೆ?

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನದ ಹಿಂದೆ ಶೆಟ್ರು ಪವನ್ ಹೆಸರಲ್ಲಿ ಹೇಳಿದ್ದು ಇದೇ ಲೆಕ್ಕ. ಆದ್ರೂ ನಾನು ಹೇಳ್ಲಿಲ್ಲ. ಯಾಕೆ ಅಂತ ಆಮೇಲೆ ತುಂಬಾ ಸಲ ಕೇಳ್ಕೊಂಡಿದೀನಿ. ಮ್ಯಾನೇಜರ್ ಎದುರು ಅವರದೇ ತಪ್ಪು ಎತ್ತಿ ಆಡೋಕೆ ಧೈರ್ಯ ಇರಲಿಲ್ಲ ಅನ್ನೋದು ಒಂದು. ಇನ್ನೊಂದು.. ಆ ಪ್ರಶ್ನೆ ನನ್ನನ್ನೇ ಯಾಕೆ ಕೇಳ್ತಿದ್ದಾರೆ ಅನ್ನೋದು ನನಗೆ ಅರ್ಥ ಆಗಿತ್ತು. ಇಷ್ಟು ಬರೆಯೋಕೆ ನನಗೆ ಇಷ್ಟು ತಿಂಗಳು ಬೇಕಾಯ್ತು.

ಫೆಬ್ರವರಿಯಲ್ಲಿ ಸಾರನ್ನ ಟ್ರೈನಿಂಗ್ ವಿಭಾಗಕ್ಕೆ ಹಾಕಿದ್ರು. ಲೀಡ್ ಜಾಗ ನನಗೆ ಬಂತು. ಅವರು ನನ್ನ ಡೆಸ್ಕಿಗೆ ಬಂದು ಕೈ ಕುಲುಕಿ, ಒಂದು ಹಳೇ ನೋಟ್‌ಬುಕ್ ಕೊಟ್ಟು ಹೋದ್ರು. ಯಾವ ಮಾಡ್ಯೂಲ್ ಎಲ್ಲಿ ಕೈ ಕೊಡುತ್ತೆ, ಯಾವ ಗ್ರಾಹಕರು ಯಾವ ತಿಂಗಳು ಕೂಗಾಡ್ತಾರೆ ಎಲ್ಲ ಅದರಲ್ಲಿತ್ತು. ಜೂನ್‌ನಲ್ಲಿ ಅವರು ಕೆಲಸ ಬಿಟ್ಟರು. ಬೀಳ್ಕೊಡುಗೆ ಕೇಕ್ ಕಟ್ ಮಾಡುವಾಗ ನಾನು ಚೆನ್ನಾಗಿ ಎರಡು ಮಾತಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದ್ರು. ಅವತ್ತು ರಾತ್ರಿ ಊಟ ಸೇರ್ಲಿಲ್ಲ.

ಅದೇ 2025ರಲ್ಲಿ, 12ನೇ ಸೀಸನ್ನಿಗೆ ಮುಂಚೆ, ಬುಲ್ಸ್‌ನಲ್ಲೂ ಬದಲಾವಣೆ ಆಯ್ತು. ರಣಧೀರ್ ಸಿಂಗ್ ಹೋದ್ರು, ಬಿ.ಸಿ. ರಮೇಶ್ ಹೆಡ್ ಕೋಚ್ ಆಗಿ ಬಂದ್ರು. ಮಂಜ ಅವತ್ತು ಬೇಕರಿಯಲ್ಲಿ ಎಲ್ಲರಿಗೂ ದಿಲ್‌ಪಸಂದ್ ಕೊಡಿಸಿದ. ನನ್ನ ವಾದ, ಮಂಜನ ವಾದ ಎರಡೂ ಒಂದೇ ಏಟಿಗೆ ಗೆದ್ದಿತ್ತು. ನನಗೆ ಮಾತ್ರ ಅಷ್ಟು ಖುಷಿ ಆಗ್ಲಿಲ್ಲ. ಯಾಕಂತ ಅವರಿಗೆ ಹೇಳಿರ್ಲಿಲ್ಲ.

ಆಗಸ್ಟ್ 29ಕ್ಕೆ ವಿಶಾಖಪಟ್ಟಣದಲ್ಲಿ ಸೀಸನ್ ಶುರು. ಬುಲ್ಸ್‌ಗೆ ಮೊದಲನೇ ಪಂದ್ಯ ಯಾರ ಮೇಲೆ? ರಮೇಶ್ ಬಿಟ್ಟು ಬಂದ ಪುಣೇರಿ ಪಲ್ಟನ್ ಮೇಲೇ! 32-32 ಸಮ ಆಗಿ, ಟೈಬ್ರೇಕರ್‌ನಲ್ಲಿ 6-4ರಿಂದ ಸೋತ್ವಿ. ಆಮೇಲೆ ದಬಾಂಗ್ ದೆಹಲಿ ಮೇಲೆ ಸೋಲು, ಯು ಮುಂಬಾ ಮೇಲೆ ಸೋಲು. ಮೂರಕ್ಕೆ ಮೂರೂ ಹೋಯ್ತು. ವಿನಯ ಫೋನ್ ಮಾಡಿ "ಈಗೇನಂತೀಯ, ಇವರನ್ನೂ ತೆಗಿಯೋಣ್ವಾ?" ಅಂತ ರೇಗಿಸಿದ. ನಾಲ್ಕನೇ ಪಂದ್ಯದಲ್ಲಿ ಪಟ್ನಾ ಮೇಲೆ ಗೆದ್ರು ನೋಡಿ, ಅಲ್ಲಿಂದ ತಂಡ ಎದ್ದು ನಿಂತ್ಕೊಳ್ತು. ಇರಾನಿನ ಅಲಿರೆಜಾ ಮಿರ್ಜಾಯಿಯನ್ ಅಂತ ಒಬ್ಬ, ರೈಡೂ ಮಾಡ್ತಾನೆ, ಹಿಡಿಯೋದೂ ಹಿಡೀತಾನೆ. ಲೀಗ್ ಮುಗಿದಾಗ ಮೂರನೇ ಸ್ಥಾನ. ಹನ್ನೆರಡರಿಂದ ಮೂರು! ಪರ್ದೀಪ್ ಅಷ್ಟರಲ್ಲಿ ಆಟ ಬಿಟ್ಟಿದ್ದ, 2025ರ ಹರಾಜಿನಲ್ಲಿ ಅವನನ್ನ ಯಾರೂ ಕೊಂಡುಕೊಂಡಿರಲಿಲ್ಲ. 1801 ರೈಡ್ ಪಾಯಿಂಟ್ ತೆಗೆದವನನ್ನ! ಆಟ ಅಂದ್ರೆ ಹಿಂಗೇನಾ ಅನ್ನಿಸ್ತು.

ಅಕ್ಟೋಬರ್ ಕೊನೆಗೆ, ಪ್ಲೇ ಆಫ್ ಶುರುವಾಗೋ ವಾರ, ಆ ನೋಟ್‌ಬುಕ್ ಚೀಲಕ್ಕೆ ಹಾಕ್ಕೊಂಡು ಯಲಹಂಕಕ್ಕೆ ಹೋದೆ. ನೋಟ್‌ಬುಕ್ ವಾಪಸ್ ಕೊಡೋದು ನೆಪ ಅಷ್ಟೇ. ಸಾರ್ ಮನೇಲಿ ಒಬ್ಬರೇ ಇದ್ರು. ಈಗ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತಾರಂತೆ. ಕೂದಲು ಇನ್ನೂ ಸ್ವಲ್ಪ ಬೆಳ್ಳಗಾಗಿತ್ತು, ಮುಖ ಮಾತ್ರ ಗೆಲುವಾಗಿತ್ತು. ಅವರೇ ಕಾಫಿ ಮಾಡಿ ತಂದ್ರು. ಹಾಳೂ ಮೂಳೂ ಮಾತಾಡಿ ಅರ್ಧ ಗಂಟೆ ಕಳೆದ ಮೇಲೆ ಹೇಳಿದೆ. ಜನವರಿಯಲ್ಲಿ ಮ್ಯಾನೇಜರ್ ಕೇಳಿದ್ದು, ನಾನು ಹೇಳಿದ್ದು, ಮೂರೂ ವಾಕ್ಯ.

ಅವರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ, "ನೀನು ಹೇಳಿದ್ದು ಸರಿ ಇದೆ ಕಣಪ್ಪ. ನನಗೂ ಸುಸ್ತಾಗಿತ್ತು. ನಾನಾಗೇ ಬಿಡ್ಬೇಕಿತ್ತು, ಬಿಡೋಕೆ ಆಗ್ತಿರ್ಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಹೆಚ್ಚು ಕಡಿಮೆ ಅದೇ ಹೇಳ್ತಿದ್ದೆ" ಅಂದ್ರು.

ನನಗೆ ಉಸಿರು ಬಂದಂಗಾಯ್ತು. ಅಷ್ಟರಲ್ಲಿ ಕೇಳಿದ್ರು.

"ಆ ಇಬ್ಬರು ಹುಡುಗರು ಹೋಗಿದ್ದು ಹೇಳಿದ್ಯಾ?"

"ಇಲ್ಲ ಸಾರ್."

"ಹ್ಞೂಂ. ಅದೊಂದು ಹೇಳ್ಬೇಕಿತ್ತು."

ಅಷ್ಟೇ. ಕೋಪ ಇರ್ಲಿಲ್ಲ ದನಿಯಲ್ಲಿ. ಲೋಟ ತಗೊಂಡು ಒಳಗೆ ಹೋದ್ರು. ನಲ್ಲಿ ಬಿಟ್ಟು ಲೋಟ ತೊಳೆಯೋ ಸದ್ದು ಕೇಳ್ತಾ ಕೂತಿದ್ದೆ. ವಾಪಸ್ ಬಂದು ನೋಟ್‌ಬುಕ್ ನನ್ನ ಕೈಗೇ ಕೊಟ್ಟು "ಇಟ್ಕೋ, ನಿನ್ನ ನಂತರದವನಿಗೆ ಕೊಡುವಂತೆ" ಅಂದ್ರು. ಗೇಟಿನ ತನಕ ಬಂದು ಬಿಟ್ಟು ಹೋದ್ರು.

ಬುಲ್ಸ್ ಕಥೆ ಏನಾಯ್ತು ಅಂತೀರಾ? ಮಿನಿ ಕ್ವಾಲಿಫೈಯರ್‌ನಲ್ಲಿ ತೆಲುಗು ಟೈಟನ್ಸ್ ಮೇಲೆ ಸೋತ್ರು. ಆ ಟೈಟನ್ಸ್‌ನಲ್ಲಿ ಈಗ ಭರತ್ ಹೂಡಾ! ಶೆಟ್ರು ಹೇಳಿದ ಎರಡನೇ ಹುಡುಗ. ಆಮೇಲೆ ಪಟ್ನಾ ಮೇಲೂ ಸೋತು ಮನೆಗೆ. ಅಕ್ಟೋಬರ್ 31ರ ಫೈನಲ್‌ನಲ್ಲಿ ದಬಾಂಗ್ ದೆಹಲಿ ಪುಣೇರಿ ಪಲ್ಟನ್ ಮೇಲೆ 31-28ರಲ್ಲಿ ಗೆದ್ದರು. ಇನ್ನೊಂದು ತಮಾಷೆ ನೋಡಿ, ರಮೇಶ್ ಬಿಟ್ಟು ಬಂದ ಪುಣೆಗೆ ಆ ಸೀಸನ್ ಕೋಚ್ ಆಗಿದ್ದು ಅಜಯ್ ಠಾಕೂರ್. ಶುರುವಿನ ಸೀಸನ್‌ಗಳಲ್ಲಿ ರಣಧೀರ್ ಸಿಂಗ್ ಕೈಕೆಳಗೆ ನಮ್ಮ ಬುಲ್ಸ್‌ಗೇ ಆಡಿದವನು. ಬುಲ್ಸ್ ಮೇಲೆ ಬಂತು, ಪುಣೆಯೂ ಮೇಲೆ ಹೋಯ್ತು. ಈಗ ಹೇಳಿ, ಯಾರ ವಾದ ಗೆದ್ದಿದ್ದು? ಬೇಕರಿ ಮುಂದೆ ಇವತ್ತಿಗೂ ತೀರ್ಮಾನ ಆಗಿಲ್ಲ.

ನನ್ನ ಮಟ್ಟಿಗೆ ಹೇಳೋದಾದ್ರೆ, ರಣಧೀರ್ ಹೋಗಿದ್ದು ಸರಿ, ರಮೇಶ್ ಬಂದಿದ್ದು ಸರಿ ಅಂತ ಈಗಲೂ ಅನ್ಸುತ್ತೆ. ಹನ್ನೆರಡನೇ ಸ್ಥಾನದಿಂದ ಮೂರನೇ ಸ್ಥಾನಕ್ಕೆ ಬಂದಿದ್ದು ಸುಮ್ನೆ ಅಲ್ಲ. ಆದ್ರೆ ಒಬ್ಬರು ಹೋಗ್ಬೇಕು ಅಂತ ಹೇಳೋವಾಗ ಅವರ ಕೈಯಿಂದ ಏನೇನು ಕಿತ್ಕೊಂಡಿದ್ವಿ ಅನ್ನೋದನ್ನೂ ಅದೇ ಉಸಿರಲ್ಲಿ ಹೇಳ್ಬೇಕು. ಬೇಕರಿ ಮುಂದೆ ಅರ್ಧ ಲೆಕ್ಕ ಹೇಳಿದ್ರೆ ಬೈಸ್ಕೊಂಡು ಟೀ ಕುಡಿದು ಬರ್ಬೋದು. ಗಾಜಿನ ರೂಮಲ್ಲಿ ಅರ್ಧ ಲೆಕ್ಕ ಹೇಳಿದ್ರೆ ಒಬ್ಬರ ಜಾಗ ಹೋಗುತ್ತೆ, ಮತ್ತೆ ಆ ಜಾಗದಲ್ಲಿ ನಾವೇ ಕೂತ್ಕೊಂಡಿರ್ತೀವಿ.

ಕೊನೇಗೆ ಒಂದು ಸಣ್ಣ ಸುದ್ದಿ. ನಾನು ಯಲಹಂಕಕ್ಕೆ ಹೋಗಿ ಬಂದ ಕೆಲವು ವಾರಕ್ಕೆ ನಮ್ಮ ಟೀಮಿಂದ ಮತ್ತೊಬ್ಬ ಹುಡುಗಿ ರಾಜೀನಾಮೆ ಕೊಟ್ಟಳು. ಒಳ್ಳೇ ಕೆಲಸಗಾರ್ತಿ. ಈ ಸಲ ನಾನೇ ಹೋಗಿ ಅದೇ ಗಾಜಿನ ರೂಮಲ್ಲಿ ಕೂತು, ಹಿಂದೆ ಹೋದ ಇಬ್ಬರ ಕಥೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಸಾರ್ ಹೆಸರೂ ಹೇಳಿದೆ. ಮ್ಯಾನೇಜರ್ ಕೇಳಿಸ್ಕೊಂಡ್ರು, ಬರ್ಕೊಂಡ್ರು. ಅವಳು ಉಳೀಲಿಲ್ಲ. ಅವಳ ಜಾಗಕ್ಕೆ ಜನ ಬರುತ್ತೋ ಇಲ್ವೋ ನೋಡ್ಬೇಕು. ನಾಳೆ ಯಾವನಾದ್ರೂ ಹುಡುಗ ಅದೇ ರೂಮಲ್ಲಿ ಕೂತು ನನ್ನ ಬಗ್ಗೆ "ಮನುಷ್ಯ ಒಳ್ಳೆಯವನೇ, ಆದ್ರೆ.." ಅಂತ ಶುರು ಮಾಡ್ತಾನೆ. ಮಾಡ್ಲಿ ಬಿಡಿ. ಪೂರ್ತಿ ಲೆಕ್ಕ ಹೇಳಿದ್ರೆ ಸಾಕು.

ಸದ್ಯಕ್ಕೆ ಇಷ್ಟೇ. ಶನಿವಾರ ಆಯ್ತು, ವಿನಯನ ಬೈಕ್ ಸದ್ದು ಕೇಳಿಸ್ತಾ ಇದೆ. ನಿಮಗೂ ಯಾರನ್ನಾದ್ರೂ ಬದಲಾಯಿಸ್ಬೇಕು ಅನ್ನಿಸಿತ್ತಾ? ಅನ್ನಿಸಿದ್ರೆ ಅವರಿಗೇ ಮೊದಲು ಹೇಳಿದ್ರಾ?